ಡೈನೋಸಾರ್ ಸಿಗದ ಜಿಲ್ಲೆಯಲ್ಲಿ ಪಳೆಯುಳಿಕೆ ಕೋಣೆ: ಏನಿಡೋದು, ಹೇಗಿಡೋದು?

ದುರ್ಗದ_ಕಲ್ಲು
ಚಿತ್ರದುರ್ಗ ಜಿಲ್ಲೆಯ ಒಂದು ಕಾಲೇಜಿನಲ್ಲಿ ಭೂವಿಜ್ಞಾನ ಮತ್ತು ಪಳೆಯುಳಿಕೆ ಸಂಶೋಧನೆ ಬಗ್ಗೆ ಕಾಯಂ ಪ್ರದರ್ಶನ ಮಾಡಬೇಕು ಅಂತ ತೀರ್ಮಾನ ಆಗಿದೆ. ನೆಲಮಹಡಿ ಕೋಣೆ, 6 × 9 ಮೀಟರ್, ಪಶ್ಚಿಮಕ್ಕೆ ಎರಡು ಕಿಟಕಿ. ಗಾಜಿನ ಬೀರು ನಾಲ್ಕಿವೆ, ಎಲ್ಲ ಪ್ಲೈವುಡ್ಡು. ಕಲ್ಲಿನ ಮಾದರಿ ಬೇಕಾದಷ್ಟಿವೆ, ಆದರೆ ಅರ್ಧದಷ್ಟಕ್ಕೆ ಎಲ್ಲಿಂದ ಬಂದದ್ದು ಅಂತ ಬರೆದಿಲ್ಲ. ನೋಡೋಕೆ ಬರೋರು ಹೆಚ್ಚಾಗಿ 5ರಿಂದ 10ನೇ ತರಗತಿ ಮಕ್ಕಳು, ಒಂದು ಸಲಕ್ಕೆ 40 ಜನ.

ಸಮಿತಿಯವರದ್ದು ಒಂದೇ ಹಠ: ಬಾಗಿಲಲ್ಲೇ ಫೈಬರ್ ಡೈನೋಸಾರ್ ನಿಲ್ಲಿಸಿ, ಇಲ್ಲದಿದ್ರೆ ಯಾರೂ ಬರಲ್ಲ ಅಂತ. ದುಡ್ಡಿನ ಮುಕ್ಕಾಲು ಪಾಲು ಅದಕ್ಕೇ ಹೋಗುತ್ತೆ. ಡೈನೋಸಾರ್ ಇಲ್ಲದೆ ಮಕ್ಕಳನ್ನ ಹಿಡಿದಿಡೋಕೆ ಆಗುತ್ತಾ? ಬಲ್ಲವರು ಹೇಳಿ.

ತೆಳುಛೇದ
ಆಗುತ್ತೆ. ನಿಮ್ಮ ಜಿಲ್ಲೆಯಲ್ಲಿ ಡೈನೋಸಾರ್ ಯಾಕಿಲ್ಲ ಅನ್ನೋದನ್ನೇ ಮೊದಲ ಫಲಕ ಮಾಡಿ. ಅಲ್ಲಿನ ಬಂಡೆ ಬಹುಪಾಲು 250 ಕೋಟಿ ವರ್ಷಕ್ಕೂ ಹಳೆಯದು. ಡೈನೋಸಾರ್ ಬಂದದ್ದು ಸುಮಾರು 23 ಕೋಟಿ ವರ್ಷದ ಹಿಂದೆ, ಹಕ್ಕಿಗಳನ್ನ ಬಿಟ್ಟು ಉಳಿದವು ಹೋದದ್ದು 6.6 ಕೋಟಿ ವರ್ಷದ ಹಿಂದೆ. ಬಂಡೆ ಆಗಲೇ ಮುದಿಯಾಗಿತ್ತು. ಆ ಕಾಲದಲ್ಲಿ ಇಲ್ಲಿ ಪ್ರಾಣಿಗಳು ಓಡಾಡಿರಬಹುದು, ಆದರೆ ಈ ಭಾಗ ಸವೆಯುತ್ತಿದ್ದ ನೆಲ. ಹೆಣದ ಮೇಲೆ ಹೂಳು ಕೂತು ಪದರವಾಗಿ ಉಳಿಯದಿದ್ರೆ ಪಳೆಯುಳಿಕೆ ಆಗೋದಿಲ್ಲ.

ಇದು ಮಕ್ಕಳಿಗೆ ಅರ್ಥವಾದ್ರೆ ಪಳೆಯುಳಿಕೆ ವಿಜ್ಞಾನದ ಅರ್ಧ ಪಾಠ ಮುಗೀತು.

ಮುರಕಲ್ಲು
ಒಪ್ಪಲ್ಲ ಸಾರ್. ಹತ್ತು ವರ್ಷದ ಮಗುವಿಗೆ "ಇಲ್ಲಿ ಯಾಕಿಲ್ಲ" ಅಂತ ಬೋರ್ಡು ತೋರಿಸಿದ್ರೆ ಎರಡು ನಿಮಿಷ ನಿಲ್ಲಲ್ಲ. ಏನಾದ್ರೂ ದೊಡ್ಡದು ಬೇಕು. ಕೋಲ್ಕತ್ತದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಬಾರಾಪಾಸಾರಸ್ ಅನ್ನೋ ಡೈನೋಸಾರಿನ ಅಸ್ಥಿಪಂಜರ ನಿಂತಿದೆ. ಅದರ ಮುಂದೆ ಭಾಷಣವೇ ಬೇಕಾಗಿಲ್ಲ.

ತೆಳುಛೇದ
ಅದು ನಿಜವಾದ ಎಲುಬು, ಅದೇ ಸಂಸ್ಥೆಯವರು ಗೋದಾವರಿ ಕಣಿವೆಯಲ್ಲಿ ಅಗೆದು ತಂದದ್ದು. ಅದಕ್ಕೂ ಅಂಗಡಿಯ ಫೈಬರ್ ಬೊಂಬೆಗೂ ಏನು ಸಂಬಂಧ? ಬೊಂಬೆ ಜೊತೆ ಮಕ್ಕಳು ಸೆಲ್ಫಿ ತಗೋತಾರೆ, ಒಳಗೆ ಬಂದು ಕಲ್ಲಿನ ಕಡೆ ಕಣ್ಣೂ ಹಾಯಿಸಲ್ಲ.

ಸುತ್ತಿಗೆ_ಮೇಡಂ
ಜಗಳ ಆಮೇಲೆ. ಮೊದಲು ಗೋಡೆ ಲೆಕ್ಕ ಹಾಕಿ. ಭೂಮಿಯ ವಯಸ್ಸು ಸುಮಾರು 460 ಕೋಟಿ ವರ್ಷ. 1 ಸೆಂ.ಮೀ.ಗೆ 1 ಕೋಟಿ ಅಂತ ಇಟ್ಟುಕೊಂಡ್ರೆ ಪಟ್ಟಿ 4.6 ಮೀಟರ್. ನಿಮ್ಮ 6 ಮೀಟರ್ ಗೋಡೆಗೆ ಸರಿಯಾಗಿ ಕೂರುತ್ತೆ, ಎರಡೂ ಕಡೆ ಜಾಗ ಉಳಿಯುತ್ತೆ. 2 ಸೆಂ.ಮೀ. ಲೆಕ್ಕ ಹಿಡಿದ್ರೆ 9.2 ಮೀಟರ್, ಉದ್ದದ ಗೋಡೆಗೂ 20 ಸೆಂ.ಮೀ. ಸಾಲಲ್ಲ. ಪಟ್ಟಿಯನ್ನ ಮೂಲೆಯಲ್ಲಿ ಮಡಚಬೇಡಿ, ಅಳತೆಯ ಅಂದಾಜೇ ತಪ್ಪುತ್ತೆ.

ಬಲತುದಿ ಇಂದು. ಅಲ್ಲಿಂದ ಎಡಕ್ಕೆ ಗುರುತು:
0.3 ಮಿ.ಮೀ. – ನಮ್ಮ ಮಾನವ ಜಾತಿ, ಸುಮಾರು 3 ಲಕ್ಷ ವರ್ಷ. ಕೂದಲೆಳೆಗಿಂತ ಮೂರು ನಾಲ್ಕು ಪಟ್ಟು ದಪ್ಪದ ಗೆರೆ.
6.6 ಸೆಂ.ಮೀ. – ಬೆಳಗಾವಿ, ವಿಜಯಪುರ, ಬೀದರ್ ಕಡೆಯ ದಖ್ಖನ್ ಬಸಾಲ್ಟ್, ಅಂದ್ರೆ ಲಾವಾ ಆರಿ ಆದ ಕಪ್ಪು ಕಲ್ಲು.
9 ಸೆಂ.ಮೀ. ಆಸುಪಾಸು – ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲು.
54 ಸೆಂ.ಮೀ. – ಕೇಂಬ್ರಿಯನ್ ಅನ್ನೋ ಕಾಲಘಟ್ಟದ ಶುರು. ಚಿಪ್ಪು, ಕವಚ ಇರೋ ಪ್ರಾಣಿಗಳು ಹೇರಳವಾಗಿ ಕಾಣಿಸೋದು ಇಲ್ಲಿಂದ.
250 ಸೆಂ.ಮೀ. ಹತ್ತಿರ – ರಾಮನಗರದ ಕ್ಲೋಸ್‌ಪೇಟ್ ಗ್ರಾನೈಟ್.
300ರಿಂದ 340 ಸೆಂ.ಮೀ. – ಪೆನಿನ್ಸುಲಾರ್ ನೈಸ್, ಪಟ್ಟೆ ಪಟ್ಟೆಯ ಹಳೇ ಬಂಡೆ. ಲಾಲ್‌ಬಾಗ್ ಬಂಡೆ ಈ ಗುಂಪಿನದ್ದು.

54ರಿಂದ 9ರವರೆಗಿನ ಜಾಗವನ್ನ ಬರೀ ಬಿಳಿ ಬಿಡಿ. ಬಿಳಿ ಪಟ್ಟಿಯ ಕೆಳಗೆ ಒಂದೇ ಸಾಲು: "ಈ ಕಾಲದ ಪದರ ನಮ್ಮ ಕಡೆ ಹೆಚ್ಚುಕಡಿಮೆ ಉಳಿದಿಲ್ಲ." ತೆಳುಛೇದ ಸಾರ್ ಹೇಳಿದ್ದು ಮಗುವಿಗೆ ಕಣ್ಣಲ್ಲೇ ಗೊತ್ತಾಗುತ್ತೆ. ಮುರಕಲ್ಲು ಅವರಿಗೂ ದೊಡ್ಡದೊಂದು ಸಿಕ್ಕಿತು.

ಬೆಣಚು
1 ಸೆಂ.ಮೀ.ಗೆ 1 ಕೋಟಿ! ಮಿಲಿಯನ್ನು ಬಿಲಿಯನ್ನು ಅಂತ ತಲೆ ಕೆಡಿಸಿಕೊಳ್ಳೋದೇ ಬೇಡ. ಇದನ್ನೇ ಮಾಡಿ.

ಶಹಾಬಾದಿ
ಕರ್ನಾಟಕದಾಗ ಪಳೆಯುಳಿಕೆ ಇಲ್ಲೇ ಇಲ್ಲ ಅನ್ನೋಹಂಗ ಮಾತಾಡಬ್ಯಾಡ್ರಿ. ಗುರುಮಠಕಲ್ ಕಡೆ ಎರಡು ಬಸಾಲ್ಟ್ ಹರಿವಿನ ನಡುವಿನ ಕೆರೆ ಹೂಳಿನಾಗ ಸಿಹಿನೀರಿನ ಆಸ್ಟ್ರಕಾಡ್, ಅಂದ್ರ ಚಿಪ್ಪಿರೋ ಪುಟ್ಟ ಜೀವಿ, ಸಿಗ್ತಾವ, ಒಂದೊಂದು ಸುಮಾರು 1 ಮಿ.ಮೀ. ಅಷ್ಟೇ. ಗೋಕಾಕ ಹತ್ರ ಸಿಕ್ಕ ಘೇಂಡಾಮೃಗದ ಎಲುಬನ್ನ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಾಗೇ ವಿವರಿಸಿ, ರೈನೋಸೆರಾಸ್ ಡೆಕ್ಕನೆನ್ಸಿಸ್ ಅಂತ ಹೆಸರಿಟ್ಟಾರ. ಈಗ ಕಾಡು ಘೇಂಡಾಮೃಗ ನೋಡಬೇಕಂದ್ರ ಅಸ್ಸಾಂ, ಬಂಗಾಳದಂಥ ದೂರದ ಕಡೆ ಹೋಗಬೇಕು. ಬೆಳಗಾವಿ ಜಿಲ್ಲಾದಾಗ ಘೇಂಡಾಮೃಗ ಇತ್ತು ಅಂದ್ರ ಹುಡುಗ್ರು ಬಾಯಿ ಬಿಟ್ಟು ಕೇಳ್ತಾರ. ಡೈನೋಸಾರ್ ಯಾಕ ಬೇಕ್ರಿ?

ಮುರಕಲ್ಲು
ಇದು ಗೊತ್ತಿರಲಿಲ್ಲ. ಘೇಂಡಾಮೃಗ ಇಡಿ, ನನ್ನ ವೋಟು ಅದಕ್ಕೆ.

ತೆಳುಛೇದ
ಚಿತ್ರದುರ್ಗಕ್ಕೆ ಅದಕ್ಕಿಂತ ಹತ್ತಿರದ್ದು ಸ್ಟ್ರೊಮಾಟೊಲೈಟ್. ಭೀಮಸಮುದ್ರ, ಶಿವಮೊಗ್ಗದ ಕುಂಸಿ ಕಡೆಯ ಹಳೆಯ ಸುಣ್ಣದ ಕಲ್ಲು, ಡೋಲೊಮೈಟಿನಲ್ಲಿ (ಮೆಗ್ನೀಷಿಯಂ ಬೆರೆತ ಸುಣ್ಣದ ಕಲ್ಲು) ವರದಿಯಾಗಿವೆ. ಸೂಕ್ಷ್ಮಜೀವಿಗಳ ಲೋಳೆ ಚಾಪೆ ಹೂಳನ್ನ ಹಿಡಿದು, ಅದರ ಮೇಲೆ ಇನ್ನೊಂದು ಚಾಪೆ ಬೆಳೆದು, ಹೀಗೆ ಪದರ ಪದರವಾಗಿ ಗುಮ್ಮಟ ಕಟ್ಟುತ್ತೆ. ಕಲಾದಗಿ ಬೇಸಿನ್ನಿನಲ್ಲಿ, ಅಂದ್ರೆ ಬಾಗಲಕೋಟೆ ಕಡೆ ಡೋಲೊಮೈಟಿನಲ್ಲೂ ಇವೆ, ಅವು ಇವಕ್ಕಿಂತ ತುಂಬ ಎಳೆಯವು.

ಪ್ರದರ್ಶನಕ್ಕೆ ಒಡೆದ ಮೈ ಇಡಬೇಡಿ, ಏನೂ ಕಾಣಲ್ಲ. ಪದರಕ್ಕೆ ಅಡ್ಡವಾಗಿ ಗರಗಸದಲ್ಲಿ ಕೊಯ್ಸಿ. 220 ನಂಬರಿನ ಸಿಲಿಕಾನ್ ಕಾರ್ಬೈಡ್ ಪುಡಿಯಿಂದ ಶುರು ಮಾಡಿ 400, 600, 1000ದವರೆಗೆ ಗಾಜಿನ ಹಲಗೆ ಮೇಲೆ ನೀರು ಹಾಕಿ ಉಜ್ಜಬೇಕು. ಒಂದು ನಂಬರಿಂದ ಇನ್ನೊಂದಕ್ಕೆ ಹೋಗುವಾಗ ಕಲ್ಲು, ಕೈ ಎರಡೂ ಚೆನ್ನಾಗಿ ತೊಳೀಬೇಕು. ಹಿಂದಿನ ಪುಡಿಯ ಒಂದೇ ಕಾಳು ಉಳಿದ್ರೂ ಗೀರು ಬೀಳುತ್ತೆ. ಒಂದು ತುಂಡು ನಯಮಾಡಿದ್ದು, ಪಕ್ಕದಲ್ಲೇ ಅದೇ ಬಂಡೆಯ ಹಸಿ ತುಂಡು. ಆಗ ಹೊಲದಲ್ಲಿ ಕಂಡ್ರೂ ಗುರುತು ಹಿಡೀತಾರೆ.

ಬೆಣಚು
ಹೊಳಪಿಗೆ ವಾರ್ನಿಶ್ ಬಳಿದ್ರೆ ಆಗಲ್ವಾ? ಎಷ್ಟೋ ಕಡೆ ಹಾಗೇ ಮಾಡಿರ್ತಾರೆ.

ಗಾಜಿನಬೀರು
ಬೇಡವೇ ಬೇಡ. ವಾರ್ನಿಶ್ ಕಾಲಕ್ರಮೇಣ ಹಳದಿಯಾಗುತ್ತೆ, ಧೂಳು ಕಚ್ಚಿಕೊಳ್ಳುತ್ತೆ, ಆಮೇಲೆ ಕಲ್ಲಿನ ನಿಜವಾದ ಬಣ್ಣ ಯಾವುದು ಅಂತಲೇ ತಿಳಿಯಲ್ಲ. ಕೊಬ್ಬರಿ ಎಣ್ಣೆ ಸವರೋರೂ ಇದ್ದಾರೆ, ಅದು ಇನ್ನೂ ಕೆಟ್ಟದ್ದು.

ಪುಡಿಪುಡಿಯಾಗೋ ಮಾದರಿಗೆ ಪ್ಯಾರಲಾಯ್ಡ್ ಬಿ-72 ಅಂತ ಅಕ್ರಿಲಿಕ್ ರಾಳ ಬರುತ್ತೆ, ಹರಳಿನ ರೂಪದಲ್ಲಿ. ಅಸಿಟೋನಿನಲ್ಲಿ 5% ತೂಕಕ್ಕೆ ಕರಗಿಸಿ ಕುಂಚದಲ್ಲಿ ಕುಡಿಸಿದ್ರೆ ಒಳಗಿಳಿದು ಗಟ್ಟಿ ಮಾಡುತ್ತೆ. ಅದೇ ರಾಳ 40–50% ಆದ್ರೆ ಮುರಿದ ತುಂಡು ಜೋಡಿಸೋ ಅಂಟು. ತಪ್ಪಾಗಿ ಅಂಟಿಸಿದ್ರೆ ಅಸಿಟೋನ್ ಹಾಕಿ ಬಿಡಿಸಬಹುದು. ಎಪಾಕ್ಸಿ ಬಿಡಿಸೋಕಾಗಲ್ಲ, ಎಳೆದ್ರೆ ಪಳೆಯುಳಿಕೆಯೇ ಕಿತ್ತು ಬರುತ್ತೆ. ಸೂಪರ್ ಗ್ಲೂ ಬಿಡಿಸೋದೂ ಸಾಹಸವೇ.

ನಿಮ್ಮ ಪ್ಲೈವುಡ್ ಬೀರು ವಿಷಯ. ಪ್ಲೈವುಡ್, ಎಂಡಿಎಫ್‌ನಿಂದ ಫಾರ್ಮಾಲ್ಡಿಹೈಡ್, ಅಸಿಟಿಕ್ ಆಮ್ಲದ ಆವಿ ಬರ್ತಾನೇ ಇರುತ್ತೆ. ಬೆಣಚುಕಲ್ಲಿಗೆ, ನೈಸ್‌ಗೆ ಏನೂ ಆಗಲ್ಲ. ಆದರೆ ಶಂಖ, ಚಿಪ್ಪಿನ ಸುಣ್ಣಕ್ಕೆ ಆ ಆವಿ ತಾಗಿ ಮೇಲೆ ಬಿಳಿ ಉಪ್ಪು ಹೂ ಬಿಟ್ಟ ಹಾಗೆ ಬರುತ್ತೆ. ಬೂಷ್ಟು ಅಂದ್ಕೊಂಡು ಒರೆಸ್ತಾರೆ, ಜೊತೆಗೆ ಚಿಪ್ಪಿನ ಮೇಲ್ಮೈಯೂ ಹೋಗುತ್ತೆ. ಗುರುಮಠಕಲ್ ಪದರದ ಚಿಪ್ಪಿರೋ ಮಾದರಿ ತಂದ್ರೆ ಪೌಡರ್ ಕೋಟ್ ಮಾಡಿದ ಸ್ಟೀಲ್ ಬೀರುವಿನಲ್ಲಿಡಿ. ಪ್ಲೈವುಡ್ಡೇ ಗತಿ ಅಂದ್ರೆ ಒಳಮೈಗೆಲ್ಲ ಅಲ್ಯೂಮಿನಿಯಂ ಲ್ಯಾಮಿನೇಟ್ ಹಾಳೆ ಹೊದಿಸಿ. ಬಣ್ಣ ಹಚ್ಚಿದ್ರೆ ಬಾಗಿಲು ತೆರೆದು ಮೂರು ನಾಲ್ಕು ವಾರ ಒಣಗೋಕೆ ಬಿಟ್ಟು ಆಮೇಲೆ ಮಾದರಿ ಇಡಿ. ಗಾಜಿನ ಸಂದಿಗೆ ಹಾಕೋ ಸಿಲಿಕೋನ್ ಹುಳಿ ವಾಸನೆ ಬಂದ್ರೆ ಅದೂ ಅಸಿಟಿಕ್ ಆಮ್ಲವೇ. ಟ್ಯೂಬಿನ ಮೇಲೆ ನ್ಯೂಟ್ರಲ್ ಅಂತ ಬರೆದಿರೋದನ್ನ ಕೇಳಿ ತಗೊಳ್ಳಿ.

ದುರ್ಗದ_ಕಲ್ಲು
ಅಬ್ಬಾ, ಸಿಲಿಕೋನ್ ಟ್ಯೂಬಿನವರೆಗೂ ಬಂತು! ಇಂಗಳದಾಳ್ ತಾಮ್ರದ ಗಣಿಯ ಹಳೇ ಅದಿರು ಇದೆ, ಪೈರೈಟ್ ಚೆನ್ನಾಗಿ ಹೊಳೆಯುತ್ತೆ. ಒಂದೆರಡು ತುಂಡಿನ ಬುಡದಲ್ಲಿ ಹಳದಿ-ಬಿಳಿ ಪುಡಿ ಉದುರಿದೆ, ಕೆಳಗಿದ್ದ ಚೀಟಿ ಕಂದಾಗಿ ತೂತು ಬಿದ್ದಿದೆ. ಇದೇನು?

ಗಾಜಿನಬೀರು
ಪೈರೈಟ್ ಕೊಳೆತ. ಗಂಧಕ ಇರೋ ಖನಿಜ ಗಾಳಿಯ ತೇವಕ್ಕೆ ಸಿಕ್ಕಿ ಕಬ್ಬಿಣದ ಸಲ್ಫೇಟ್ ಆಗುತ್ತೆ, ಜೊತೆಗೆ ಸಲ್ಫ್ಯೂರಿಕ್ ಆಮ್ಲ. ಚೀಟಿ ಸುಟ್ಟದ್ದು ಅದರಿಂದಲೇ. ತೇವಾಂಶ 60% ದಾಟಿದ್ರೆ ಜೋರಾಗುತ್ತೆ, 45%ಗಿಂತ ಕೆಳಗಿದ್ರೆ ಬಹುಮಟ್ಟಿಗೆ ಸುಮ್ಮನಿರುತ್ತೆ. ನೀರಲ್ಲಿ ತೊಳೆಯಬೇಡಿ. ಪುಡಿಯನ್ನ ಒಣ ಕುಂಚದಲ್ಲಿ ಗುಡಿಸಿ, ಬಿಗಿ ಮುಚ್ಚಳದ ಅಕ್ರಿಲಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಒಂದು ಲೀಟರ್ ಗಾತ್ರಕ್ಕೆ 20 ಗ್ರಾಂ ಲೆಕ್ಕ. ಬಣ್ಣ ಬದಲಾಯಿಸೋ ಜೆಲ್ ತಗೊಳ್ಳಿ, ನೀಲಿಯದ್ದು ಬೇಡ, ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತೆ. ಕಿತ್ತಳೆ ಬಣ್ಣದ್ದು ಸಿಗುತ್ತೆ.

ಹೊಳೆಯೋ ತುಂಡು, ಪುಡಿಯಾದ ತುಂಡು ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಅಕ್ಕಪಕ್ಕ ಇಟ್ಟು ಆ ಸುಟ್ಟ ಚೀಟಿಯನ್ನೂ ಇಡಿ. ಕಲ್ಲೂ ಹಾಳಾಗುತ್ತೆ ಅಂತ ಮಕ್ಕಳಿಗೆ ಗೊತ್ತೇ ಇರಲ್ಲ.

ಸುತ್ತಿಗೆ_ಮೇಡಂ
ಇನ್ನೆರಡು ಎಚ್ಚರಿಕೆ. ಹಳೇ ಸಂಗ್ರಹದಲ್ಲಿ ಹೊಳೆನರಸೀಪುರ ಕಡೆಯ ಕಲ್ನಾರು, ಅಂದ್ರೆ ಆಸ್ಬೆಸ್ಟಾಸ್, ಇದ್ದೇ ಇರುತ್ತೆ. ದಾರ ದಾರವಾಗಿ ಎಳೆ ಬರೋ ಕಲ್ಲು ಕಂಡ್ರೆ ಕೈಯಲ್ಲಿ ಉಜ್ಜಿ ನೋಡಬೇಡಿ, ಹಾಗೇ ಎರಡು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಸೀಲ್ ಮಾಡಿ ಬದಿಗಿಡಿ. ಗೋಗಿ ಕಡೆಯ ಯುರೇನಿಯಂ ಅದಿರು ಅಂತ ಯಾರಾದ್ರೂ ಕೊಟ್ಟಿದ್ರೆ ಅದನ್ನೂ ಮಕ್ಕಳ ಕೋಣೆಯಲ್ಲಿಡಬೇಡಿ. ಅಲ್ಲಿ ಚಿತ್ರ ಸಾಕು.

ಎರೆಮಣ್ಣು
ಎಲ್ಲಿಂದ ಬಂದದ್ದು ಗೊತ್ತಿಲ್ಲದ ಆ ಅರ್ಧ ಕಲ್ಲುಗಳನ್ನ ಎಸೆದುಬಿಡೋದಾ?

ತೆಳುಛೇದ
ಎಸೀಬೇಡಿ, ಮುಟ್ಟೋ ಮೇಜಿಗೆ ಹಾಕಿ. ಜಾಗ ಗೊತ್ತಿಲ್ಲದ ಕಲ್ಲು ಸಂಶೋಧನೆಗೆ ನಿರುಪಯೋಗಿ, ಮುಟ್ಟಿ ನೋಡೋಕೆ ಚಿನ್ನ. ಅಂದಾಜಿನ ಮೇಲೆ "ಸಂಡೂರು ಇರಬಹುದು" ಅಂತ ಮಾತ್ರ ಬರೀಬೇಡಿ. ಮುಂದಿನವರು "ಇರಬಹುದು" ಬಿಟ್ಟು ಸಂಡೂರು ಅಂತ ನಕಲು ಮಾಡ್ತಾರೆ.

ಜಾಗ ಗೊತ್ತಿರೋದಕ್ಕೆ ಇವತ್ತೇ ನಂಬರು ಹಾಕಿ. ಮೂಲೆಯಲ್ಲಿ ಚಿಟಿಕೆಯಷ್ಟು ಜಾಗಕ್ಕೆ ಬಿ-72 ಸವರಿ, ಒಣಗಿದ ಮೇಲೆ ಇಂಡಿಯನ್ ಇಂಕಿನಲ್ಲಿ ನಂಬರು ಬರೆದು, ಮತ್ತೊಂದು ಸಲ ತೆಳುವಾಗಿ ಬಿ-72. ಕಪ್ಪು ಕಲ್ಲಾದ್ರೆ ಕೆಳಗೆ ಬಿಳಿ ಬಣ್ಣದ ಪಟ್ಟಿ. ರಿಜಿಸ್ಟರಿನಲ್ಲಿ ನಂಬರು, ಊರು, ಅಕ್ಷಾಂಶ ರೇಖಾಂಶ, ಯಾವ ಪದರ, ಯಾರು ತಂದರು, ದಿನಾಂಕ. ಸ್ಟಿಕ್ಕರ್ ಅಂಟಿಸಬೇಡಿ, ಬಿದ್ದುಹೋದ್ರೆ ಯಾವುದರದ್ದು ಯಾವುದು ಗೊತ್ತಾಗಲ್ಲ.

ಬೆಣಚು
ಮುಟ್ಟೋ ಮೇಜಿಗೆ ಏನೇನು?

ಸುತ್ತಿಗೆ_ಮೇಡಂ
ಪಟ್ಟೆ ಪಟ್ಟೆ ಕಬ್ಬಿಣದ ಕಲ್ಲು, ಸ್ಟೀಲ್ ಕೇಬಲ್ಲಿಗೆ ಕಟ್ಟಿದ ಅಯಸ್ಕಾಂತ (ದಾರ ಕಟ್ಟಿದ್ರೆ ಮೊದಲ ವಾರದಲ್ಲೇ ಮಾಯ). ಮ್ಯಾಗ್ನೆಟೈಟ್ ಪಟ್ಟೆಗೆ ಅಂಟುತ್ತೆ, ಕೆಂಪು ಜಾಸ್ಪರ್ ಪಟ್ಟೆಗೆ ಅಂಟಲ್ಲ. ಗೋಡೆ ಟೈಲ್ಸಿನ ಹಿಂಬದಿ, ಹೊಳಪಿಲ್ಲದ ಮೈ. ಅದರ ಮೇಲೆ ಹೆಮಟೈಟ್ ಎಳೆದ್ರೆ ಕುಂಕುಮದ ಬಣ್ಣದ ಗೆರೆ, ಮ್ಯಾಂಗನೀಸ್ ಎಳೆದ್ರೆ ಕಪ್ಪು. ಬಳಪದ ಕಲ್ಲು, ಉಗುರಿನಲ್ಲಿ ಗೀರೋಕೆ. ಜಂಬಿಟ್ಟಿಗೆ, ಅಂದ್ರೆ ಮುರಕಲ್ಲು, ಇಡಬೇಡಿ, ದಿನವೂ ಪುಡಿ ಉದುರಿ ಮೇಜೆಲ್ಲ ಕೆಂಪು.

ಕೈಗೆ ಸಿಗೋ ಕಲ್ಲು ಕಾಲ ಮೇಲೆ ಬೀಳದಷ್ಟು ಚಿಕ್ಕದಿರಬೇಕು, ಇಲ್ಲಾ ಬೋಲ್ಟ್ ಹಾಕಿ ಕೂರಿಸಿರಬೇಕು. ನಡುವಿನ ಗಾತ್ರವೇ ಅಪಾಯ.

ಮುರಕಲ್ಲು
ಮುರಕಲ್ಲಿಗೆ ಅವಮಾನ!

ಗಾಜಿನಬೀರು
ತೂಕದ ಬಗ್ಗೆ. ನೈಸ್ ಒಂದು ಲೀಟರಿಗೆ 2.7 ಕಿಲೊ. 30 ಸೆಂ.ಮೀ. ಘನ ಅಂದ್ರೆ 27 ಲೀಟರ್, 73 ಕಿಲೊ ಆಯ್ತು. ಕಬ್ಬಿಣದ ಕಲ್ಲಾದ್ರೆ 90 ದಾಟುತ್ತೆ. ಬೀರುವಿನ ಗಾಜಿನ ಹಲಗೆ ಮೇಲೆ ಅಂಥದ್ದು ಏರಿಸೋ ಮಾತೇ ಇಲ್ಲ. ಇಟ್ಟಿಗೆ ಕಟ್ಟೆ ಕಟ್ಟಿ ಮೇಲೆ ಕಡಪ ಹಾಸಿ. ನೆಲಮಹಡಿ ಆಗಿರೋದು ನಿಮ್ಮ ಅದೃಷ್ಟ. ತರಗತಿ ಕೋಣೆಯ ಮಹಡಿಯನ್ನ ಚದರ ಮೀಟರಿಗೆ ಸುಮಾರು 300 ಕಿಲೊ ಲೆಕ್ಕದಲ್ಲಿ ಕಟ್ಟಿರ್ತಾರೆ, ಅದರಲ್ಲೇ 40 ಮಕ್ಕಳೂ ನಿಲ್ಲಬೇಕು.

ಕಲ್ಲಿನ ಅಡಿಗೆ ಪ್ಯಾಕಿಂಗಿಗೆ ಬರೋ ಬಿಳಿ ಇಪಿಇ ಫೋಮ್ ಕೊರೆದು ಕೂರಿಸಿ. ಸೋಫಾದ ಸ್ಪಂಜು ಬೇಡ, ಕೆಲವೇ ವರ್ಷಕ್ಕೆ ಅಂಟಂಟಾಗಿ ಪುಡಿಯಾಗಿ ಮಾದರಿಗೆ ಮೆತ್ತಿಕೊಳ್ಳುತ್ತೆ.

ದುರ್ಗದ_ಕಲ್ಲು
ಮರಡಿಹಳ್ಳಿಯ ದಿಂಬು ಲಾವಾ, ಅಂದ್ರೆ ನೀರಿನಡಿ ಆರಿ ದಿಂಬಿನ ಹಾಗೆ ಉಬ್ಬಿದ ಲಾವಾ ಕಲ್ಲು, ನಮ್ಮ ಹೆಮ್ಮೆ. ಒಂದು ದೊಡ್ಡ ತುಂಡು ತಂದು ಆ ಕಟ್ಟೆ ಮೇಲೇ ಇಡೋಣ ಅಂತ ಒಬ್ಬರು ಹೇಳ್ತಿದ್ದಾರೆ.

ತೆಳುಛೇದ
ಬೇಡ! ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಲಾಲ್‌ಬಾಗ್ ಬಂಡೆ, ಸೇಂಟ್ ಮೇರೀಸ್ ದ್ವೀಪ, ಕೋಲಾರ ಗಣಿ ಪ್ರದೇಶದ ಪೆದ್ದಪಲ್ಲಿ ಕೂಡ ಅದೇ ಪಟ್ಟಿಯಲ್ಲಿವೆ. ಸುತ್ತಿಗೆ ಎತ್ತೋ ಹಾಗೇ ಇಲ್ಲ. ಫೋಟೊದಿಂದ ಮೂರು ಆಯಾಮದ ಮಾದರಿ ಮಾಡಿಸಿ. ಮೋಡ ಕವಿದ ದಿನ, ನೆರಳಿಲ್ಲದ ಬೆಳಕಲ್ಲಿ, ಒಂದು ದಿಂಬಿನ ಸುತ್ತ 60–80 ಫೋಟೊ, ಒಂದರ ಮೇಲೊಂದು 70% ಹೊಂದಿಕೊಳ್ಳೋ ಹಾಗೆ. ಪಕ್ಕದಲ್ಲಿ ಅಳತೆಪಟ್ಟಿ ಇಡಲೇಬೇಕು, ಇಲ್ಲದಿದ್ರೆ ಮಾದರಿಯ ನಿಜ ಗಾತ್ರ ಸಿಗಲ್ಲ. ಫ್ಲಾಶ್ ಬೇಡ, ಜೂಮ್ ಬದಲಾಯಿಸಬೇಡಿ.

ಬೆಣಚು
ಆ ಮಾದರಿಯನ್ನ 3ಡಿ ಪ್ರಿಂಟ್ ಮಾಡಿಸುವಾಗ ಪಿಎಲ್‌ಎ ಅನ್ನೋ ಪ್ಲಾಸ್ಟಿಕ್ ತಂತು ಬೇಡ. 55–60 ಡಿಗ್ರಿಗೆ ಮೆತ್ತಗಾಗುತ್ತೆ. ಪಶ್ಚಿಮದ ಕಿಟಕಿ, ಏಪ್ರಿಲ್ ಬಿಸಿಲು, ಗಾಜಿನ ಪೆಟ್ಟಿಗೆ ಮೂರೂ ಸೇರಿದ್ರೆ ದಿಂಬು ಹಾಸಿಗೆ ಆಗುತ್ತೆ. ಎಬಿಎಸ್ ಅಥವಾ ಪಿಇಟಿಜಿ ಕೇಳಿ. ಏನೇ ಆಗ್ಲಿ ಆ ಕಿಟಕಿಗೆ ಹಲಗೆ ಹೊಡೆದು ಮುಚ್ಚಿ, ಅದೂ ಒಂದು ಗೋಡೆ ಆಯ್ತು. ಜೇಡಿಗಲ್ಲು ಬಿಸಿ-ತಂಪು, ಒಣ-ತೇವ ಏರಿಳಿತಕ್ಕೆ ಪದರ ಬಿಚ್ಚಿಕೊಳ್ಳುತ್ತೆ.

ಅಕ್ಷರಜೋಡಣೆ
ಫಲಕದ ಬಗ್ಗೆ ಯಾರೂ ಮಾತಾಡಿಲ್ಲ. ಮಾದರಿ ಎಷ್ಟೇ ಚೆನ್ನಾಗಿರಲಿ, 300 ಪದದ ಫಲಕ ಹಾಕಿದ್ರೆ ಓದೋರು ಅದನ್ನ ಬರೆದವರು ಮಾತ್ರ. ಒಂದು ಫಲಕಕ್ಕೆ 50–60 ಪದ. ಅಕ್ಷರ 28 ಪಾಯಿಂಟಿಗಿಂತ ಕಡಿಮೆ ಬೇಡ, ತಲೆಬರಹ 80 ಮೇಲೆ. ಕನ್ನಡಕ್ಕೆ ಸಾಲಿನ ಅಂತರ ಒಂದೂವರೆ ಪಟ್ಟು ಬೇಕು. ಇಂಗ್ಲಿಷ್ ಫಲಕದ ಅಳತೆಯಲ್ಲೇ ಕನ್ನಡ ತುರುಕಿದ್ರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ. ಮ್ಯಾಟ್ ಲ್ಯಾಮಿನೇಷನ್, ಹೊಳಪಿನದ್ದು ಹಾಕಿದ್ರೆ ಟ್ಯೂಬ್‌ಲೈಟ್ ಪ್ರತಿಬಿಂಬ ಬಿಟ್ಟು ಬೇರೇನೂ ಕಾಣಲ್ಲ. ಫಲಕದ ನಡುಭಾಗ ನೆಲದಿಂದ 120–125 ಸೆಂ.ಮೀ. ಇದ್ರೆ 5ನೇ ತರಗತಿಯವರೂ ಮೇಷ್ಟ್ರೂ ಓದಬಹುದು. ಗಾಲಿಕುರ್ಚಿಯವರಿಗೆ ಮೇಜಿನ ಕೆಳಗೆ 70 ಸೆಂ.ಮೀ. ಖಾಲಿ ಬಿಡಿ.

ಬರವಣಿಗೆ ಕಳಿಸಿ, ನೋಡೋಣ.

ದುರ್ಗದ_ಕಲ್ಲು
ದಿಂಬು ಲಾವಾಕ್ಕೆ ಬರೆದದ್ದು: "ಮರಡಿಹಳ್ಳಿಯ ಪಿಲ್ಲೋ ಲಾವಾಗಳು ಧಾರವಾಡ ಮಹಾಸಮೂಹಕ್ಕೆ ಸೇರಿದ ಮೆಟಾಬಸಾಲ್ಟ್ ಶಿಲೆಗಳಾಗಿದ್ದು, ಜಲಾಂತರ್ಗತ ಜ್ವಾಲಾಮುಖೀಯ ಚಟುವಟಿಕೆಯ ಉತ್ಕೃಷ್ಟ ನಿದರ್ಶನಗಳಾಗಿರುತ್ತವೆ."

ಅಕ್ಷರಜೋಡಣೆ
ಇದು ಇಲಾಖೆಯ ಸುತ್ತೋಲೆ ಇದ್ದ ಹಾಗಿದೆ. ಕಣ್ಣಿಗೆ ಕಾಣೋದರಿಂದ ಶುರು ಮಾಡಿ:

"ದಿಂಬು ಒಟ್ಟಿದ ಹಾಗೆ ಕಾಣುವ ಈ ಉಬ್ಬುಗಳ ಅಂಚು ನೋಡಿ. ಅಂಚಿನಲ್ಲಿ ಕಲ್ಲಿನ ಕಾಳು ಕಣ್ಣಿಗೆ ಕಾಣದಷ್ಟು ಸಣ್ಣ, ನಡುವೆ ಸ್ವಲ್ಪ ದಪ್ಪ. ಲಾವಾ ನೀರಿಗೆ ತಾಗಿದ ಕೂಡಲೇ ಹೊರಮೈ ಗಟ್ಟಿಯಾಯಿತು, ಒಳಗಿನದು ನಿಧಾನವಾಗಿ ಆರಿತು. ಸುಮಾರು 250 ಕೋಟಿ ವರ್ಷದ ಹಿಂದೆ ಈ ಜಾಗ ನೀರಿನ ಅಡಿಯಲ್ಲಿತ್ತು."

ಮೂವತ್ತು ಚಿಲ್ಲರೆ ಪದ. ಧಾರವಾಡ ಮಹಾಸಮೂಹ ಬೇಕು ಅನ್ನೋರಿಗೆ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿ.

ತೆಳುಛೇದ
ಚೆನ್ನಾಗಿದೆ. ಇನ್ನೊಂದು ಸಾಲು ಸೇರಿಸಿ: ದಿಂಬಿನ ಮೇಲ್ಭಾಗ ಗುಮ್ಮಟ, ಕೆಳಭಾಗ ಚೂಪು, ಯಾಕಂದ್ರೆ ಇನ್ನೂ ಮೆತ್ತಗಿದ್ದಾಗ ಕೆಳಗಿನ ಎರಡು ದಿಂಬಿನ ಸಂದಿಗೆ ಜಗ್ಗಿ ಕೂತಿರುತ್ತೆ. ಮಡಿಕೆಬಿದ್ದ ಬಂಡೆಯಲ್ಲಿ ಮೇಲ್ಮುಖ ಯಾವುದು ಅಂತ ಭೂವಿಜ್ಞಾನಿಗಳು ಪತ್ತೆ ಮಾಡೋದು ಹೀಗೇ.

ಎರೆಮಣ್ಣು
ಎಲ್ಲ ಸರಿ, "ಸಂಶೋಧನೆ" ಎಲ್ಲಿ? ಇದುವರೆಗೆ ಬರೀ ಕಲ್ಲು ಬಂತು. 250 ಕೋಟಿ ಅಂತ ಯಾರು ಎಣಿಸಿದ್ರು ಅಂತ ಮಗು ಕೇಳುತ್ತೆ.

ಸುತ್ತಿಗೆ_ಮೇಡಂ
ಒಳ್ಳೇ ಪ್ರಶ್ನೆ. ಅದಕ್ಕೇ ಒಂದು ಮೂಲೆ ಬೇಕು. ಜಿರ್ಕಾನ್ ಹರಳು, ಸಾಮಾನ್ಯವಾಗಿ 0.1–0.2 ಮಿ.ಮೀ. ಹುಟ್ಟುವಾಗ ಯುರೇನಿಯಂ ಒಳಗೆ ಬಿಟ್ಟುಕೊಳ್ಳುತ್ತೆ, ಸೀಸವನ್ನ ಬಿಟ್ಟುಕೊಳ್ಳಲ್ಲ. ಹಾಗಾಗಿ ಈಗ ಅದರೊಳಗಿರೋ ಸೀಸ ಹೆಚ್ಚುಕಡಿಮೆ ಎಲ್ಲ ಯುರೇನಿಯಂ ಒಡೆದು ಆದದ್ದು. ಯುರೇನಿಯಂ-238 ಅರ್ಧ ಆಗೋಕೆ 447 ಕೋಟಿ ವರ್ಷ. ಫಲಕದಲ್ಲಿ ಸೂತ್ರ ಬೇಡ. ಎರಡು ಪಾರದರ್ಶಕ ಕೊಳವೆ, ತಲಾ 100 ಮಣಿ. ಕಪ್ಪು ಯುರೇನಿಯಂ, ಬಿಳಿ ಸೀಸ. ಒಂದರಲ್ಲಿ 100 ಕಪ್ಪು, ಇನ್ನೊಂದರಲ್ಲಿ 300 ಕೋಟಿ ವರ್ಷ ಆದ ಮೇಲಿನ ಲೆಕ್ಕ: ಸುಮಾರು 63 ಕಪ್ಪು, 37 ಬಿಳಿ. ಎಣಿಸಲಿ.

ತೆಳುಛೇದ
ಮತ್ತೆ ತೆಳುಛೇದ. ಕಲ್ಲಿನ ತುಂಡನ್ನ ಗಾಜಿಗೆ ಅಂಟಿಸಿ 0.03 ಮಿ.ಮೀ. ದಪ್ಪಕ್ಕೆ ಉಜ್ಜಿದ್ದು. ಸೂಕ್ಷ್ಮದರ್ಶಕಕ್ಕೆ ದುಡ್ಡಿಲ್ಲದಿದ್ರೆ ಹಳೇ ಎಲ್‌ಸಿಡಿ ಮಾನಿಟರಿಗೆ ಪೂರ್ತಿ ಬಿಳಿ ಪರದೆ ಹಾಕಿ. ಅದರ ಬೆಳಕು ಆಗಲೇ ಧ್ರುವೀಕರಣ ಆಗಿರುತ್ತೆ. ಮೇಲೆ ಒಂದು ಪೋಲರಾಯ್ಡ್ ಹಾಳೆ ಹಿಡಿದು ಪರದೆ ಕಪ್ಪಾಗೋವರೆಗೆ ತಿರುಗಿಸಿ, ಅಲ್ಲೇ ಬಿಗಿ ಮಾಡಿ. ನಡುವೆ ತೆಳುಛೇದ ಇಟ್ಟ ಉಂಗುರ, ಹಿಡಿ ತಿರುಗಿಸಿದ್ರೆ ತಿರುಗೋ ಹಾಗೆ, ಮೇಲೊಂದು ಭೂತಗನ್ನಡಿ. ಬೂದು ಕಲ್ಲಲ್ಲಿ ಬಣ್ಣ ಬಣ್ಣ ಕಾಣುತ್ತೆ, ಪ್ರತಿ 90 ಡಿಗ್ರಿಗೆ ಒಂದೊಂದು ಹರಳು ಕಪ್ಪಾಗುತ್ತೆ. ಮುರಕಲ್ಲು ಅವರೇ, ಡೈನೋಸಾರಿಗಿಂತ ಹೆಚ್ಚು ಹೊತ್ತು ಮಕ್ಕಳು ಇಲ್ಲಿ ನಿಲ್ತಾರೆ.

ಶಹಾಬಾದಿ
ಹುಸಿ ಪಳೆಯುಳಿಕಿಗೂ ಒಂದು ಪೆಟ್ಟಿಗಿ ಇಡ್ರಿ. ಪದರದ ಕಲ್ಲು ಸೀಳಿದಾಗ ಜರಿಗಿಡದ ಹಂಗ ಕರೇ ಚಿತ್ರ ಕಾಣ್ತದಲ್ಲ, ಅದು ಗಿಡ ಅಲ್ಲ, ಮ್ಯಾಂಗನೀಸ್ ಆಕ್ಸೈಡ್ ಬಿರುಕಿನಾಗ ಹರಡಿ ಬೆಳೆದದ್ದು. ನಡು ನರ ಇಲ್ಲ, ಎಲಿ ಅಂಚು ಇಲ್ಲ, ಒಂದೇ ಬಿರುಕಿನ ಮೈಮ್ಯಾಲ ಇರ್ತದ. ದುಂಡನ ಗಟ್ಟಿ ಕಲ್ಲು ತಂದು "ಡೈನೋಸಾರ್ ತತ್ತಿ" ಅನ್ನೋರು ಪ್ರತಿ ಊರಾಗೂ ಅದಾರ. ಖರೇ ತತ್ತಿಗಿ ಚಿಪ್ಪು ಇರ್ತದ, ಚಿಪ್ಪಿನಾಗ ಸಣ್ಣ ರಂಧ್ರ ಇರ್ತಾವ. ಮಕ್ಕಳಿಗಿ ಎರಡೂ ಕೊಟ್ಟು "ಯಾವುದು ಖರೇ?" ಅಂತ ಕೇಳ್ರಿ, ಉತ್ತರ ಮುಚ್ಚಳದ ಕೆಳಗ ಇಡ್ರಿ.

ಎರೆಮಣ್ಣು
ಆ ಪೆಟ್ಟಿಗೆಗೆ ಮಧ್ಯಪ್ರದೇಶದ ಭೀಮ್‌ಬೆಟ್ಕಾ ಗುಹೆಗಳ ಕಥೆ ಸೇರಿಸಿ. ಗುಹೆಯ ಚಾವಣಿಯಲ್ಲಿ ಡಿಕಿನ್ಸೋನಿಯಾ, ಅಂದ್ರೆ 55 ಕೋಟಿ ವರ್ಷ ಹಳೇ ಜೀವಿ ಸಿಕ್ಕಿತು ಅಂತ 2021ರಲ್ಲಿ ದೊಡ್ಡ ಸುದ್ದಿ. ಬೇರೆ ತಂಡದವರು ಹೋಗಿ ನೋಡಿದ್ರೆ ಅದು ಕಳಚಿ ಬೀಳ್ತಾ ಇತ್ತು. ಹಳೇ ಜೇನುಗೂಡಿನ ಗುರುತು. 2023ರಲ್ಲಿ ಪ್ರಕಟವೂ ಆಯ್ತು, ಮೊದಲು ಹೇಳಿದವರೂ ಒಪ್ಪಿಕೊಂಡ್ರು. ಎರಡು ಫೋಟೊ ಸಾಕು, ಮೊದಲು ತೆಗೆದದ್ದು, ಆಮೇಲೆ ತೆಗೆದದ್ದು.

ಅಕ್ಷರಜೋಡಣೆ
ನಗಿಸೋ ಹಾಗೆ ಬರೀಬೇಡಿ ಮಾತ್ರ. ಮತ್ತೊಂದು ಸಲ ಹೋಗಿ ನೋಡೋದೇ ಸಂಶೋಧನೆ ಅಂತ ಬರಲಿ.

ಮುರಕಲ್ಲು
ಅಗೆದು ತೆಗೆಯೋದು ಹೇಗೆ ಅಂತ ತೋರಿಸೋಕೆ ಘೇಂಡಾಮೃಗದ ಎಲುಬಿನ ಪ್ರತಿಕೃತಿ ಮಾಡಿ, ಪ್ಲಾಸ್ಟರ್ ಕವಚದಲ್ಲಿ ಅರ್ಧ ಸುತ್ತಿ ಇಡಬಹುದಲ್ವಾ?

ಸುತ್ತಿಗೆ_ಮೇಡಂ
ಇದು ಒಳ್ಳೇ ಐಡಿಯಾ. ಎಲುಬಿನ ಸುತ್ತ ಅಗೆದು ಅಣಬೆ ಹಾಗೆ ಕಾಲಿನ ಮೇಲೆ ನಿಲ್ಲಿಸಿದ್ದು. ಮೇಲೆ ಒದ್ದೆ ಟಿಶ್ಯೂ ಕಾಗದ ಮೂರು ನಾಲ್ಕು ಪದರ, ಇದು ತಪ್ಪಿದ್ರೆ ಪ್ಲಾಸ್ಟರ್ ಎಲುಬಿಗೇ ಕಚ್ಚುತ್ತೆ. ಆಮೇಲೆ 10–15 ಸೆಂ.ಮೀ. ಅಗಲದ ಗೋಣಿ ಪಟ್ಟಿ ಪ್ಲಾಸ್ಟರ್ ಆಫ್ ಪ್ಯಾರಿಸಿನಲ್ಲಿ ಅದ್ದಿ ಅಡ್ಡಡ್ಡ ಮೂರು ನಾಲ್ಕು ಸುತ್ತು. ಒಂದು ಬದಿ ಕತ್ತರಿಸಿ ಪದರ ಕಾಣೋ ಹಾಗೆ ಬಿಡಿ. ಕವಚದ ಮೇಲೆ ಬಾಣದ ಗುರುತು, ನಂಬರು, ದಿನಾಂಕ. ಪಕ್ಕದಲ್ಲಿ ಕ್ಷೇತ್ರ ಟಿಪ್ಪಣಿ ಪುಸ್ತಕ ತೆರೆದಿಡಿ. "ಪ್ರತಿಕೃತಿ" ಅಂತ ದೊಡ್ಡದಾಗಿ ಬರೀರಿ, ಮುಚ್ಚಿಡಬೇಡಿ.

ಮಕ್ಕಳ ಕೈಯಲ್ಲಿ ಪ್ಲಾಸ್ಟರ್ ಅಚ್ಚು ಮಾಡಿಸೋದಾದ್ರೆ ಕೈ ಒಳಗೆ ಅದ್ದಿ ಹಿಡಿಯೋಕೆ ಬಿಡಬೇಡಿ. ಗಟ್ಟಿಯಾಗುವಾಗ ಚರ್ಮ ಸುಡೋಷ್ಟು ಬಿಸಿಯಾಗುತ್ತೆ.

ದುರ್ಗದ_ಕಲ್ಲು
ಸಮಿತಿಗೆ ಇಷ್ಟೂ ಕೊಟ್ಟೆ. ಗೋಡೆಪಟ್ಟಿ, ಮಾನಿಟರ್, ಹುಸಿ ಪೆಟ್ಟಿಗೆ, ಘೇಂಡಾಮೃಗ ಎಲ್ಲ ಒಪ್ಪಿದ್ದಾರೆ. ಡೈನೋಸಾರ್ ಬದಲು ಹಿತ್ತಲಲ್ಲಿ ಮಕ್ಕಳು ಅಗೆಯೋಕೆ ಮರಳಿನ ತೊಟ್ಟಿ ಆಗಬಹುದಾ ಅಂತ ಕೇಳ್ತಿದ್ದಾರೆ. ಎಂ-ಸ್ಯಾಂಡ್ ಹಾಕಬಹುದಾ?

ಗಾಜಿನಬೀರು
ಎಂ-ಸ್ಯಾಂಡಿನಲ್ಲಿ ಕಲ್ಲುಪುಡಿ ಧೂಳು ಜಾಸ್ತಿ, ಕೆದಕಿದ್ರೆ ಮೂಗಿಗೆ ಹೋಗುತ್ತೆ. ತೊಳೆದು ಜರಡಿ ಹಿಡಿದ ಮರಳು, ಅರ್ಧದಿಂದ 1 ಮಿ.ಮೀ. ಕಾಳಿನದ್ದು, 25 ಸೆಂ.ಮೀ. ಆಳ ಸಾಕು. ಪ್ರತಿಕೃತಿಗಳನ್ನ ತಳಕ್ಕೆ ಬೋಲ್ಟ್ ಮಾಡಿ, ಇಲ್ಲದಿದ್ರೆ ಮನೆಗೆ ಹೋಗ್ತವೆ. ತಳದಲ್ಲಿ ನೀರು ಇಳಿಯೋಕೆ ತೂತು ಬೇಕು.

ಬೆಣಚು
ಮುಚ್ಚಳ ಮರೀಬೇಡಿ. ಊರಿನ ಬೆಕ್ಕುಗಳಿಗೆಲ್ಲ ಮೊದಲು ಗೊತ್ತಾಗೋದು ಅದೇ ಜಾಗ.